ಮೋತಿಯ ಕಾಲಿನ ಕಡಲೆಕಾಳು

ಕಳೆದ ಬೇಸಿಗೆ ರಜೆಯ ಒಂದು ಸಂಜೆ. ಬಳ್ಳಾರಿಯ ನಮ್ಮ ಬೀದಿಯಲ್ಲಿ ಮದುವೆ ಮೆರವಣಿಗೆ ಹೊರಟಿತ್ತು. ಮುಂದೆ ಬ್ಯಾಂಡಿನವರು, ಹಿಂದೆ ಬಿಳಿ ಕುದುರೆಯ ಮೇಲೆ ಬೆವರು ಒರೆಸಿಕೊಳ್ಳುತ್ತಾ ಕೂತ ಮದುಮಗ. ಮನೆ ಮುಂದಿನ ಕಟ್ಟೆಯ ಮೇಲೆ ನಾನೂ ಏಳನೇ ತರಗತಿ ಓದುವ ನನ್ನ ಮೊಮ್ಮಗಳೂ ಕೂತು ನೋಡುತ್ತಿದ್ದೆವು. ಮೆರವಣಿಗೆ ದಾಟಿತೆಂದು ಏಳಹೋದೆ. ಅಯ್ಯಪ್ಪಾ ಎಂದು ಮೊಣಕಾಲು ಹಿಡಿದುಕೊಂಡು ಮತ್ತೆ ಅಲ್ಲೇ ಕೂತೆ.

ಮೊಮ್ಮಗಳು ನನ್ನ ಮೊಣಕಾಲನ್ನು ನೋಡಿದಳು, ದೂರ ಹೋಗುತ್ತಿದ್ದ ಕುದುರೆಯನ್ನೂ ನೋಡಿದಳು.

“ತಾತ, ಕುದುರೆಗೂ ಮೊಣಕಾಲು ನೋವು ಬರುತ್ತಾ? ವಯಸ್ಸಾದ ಮೇಲೇನಾ?”

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಶುವೈದ್ಯನಾಗಿ ದುಡಿದವನು. ಅದರಲ್ಲಿ ಬಹುಪಾಲು ಸಿರುಗುಪ್ಪ ಸೀಮೆಯಲ್ಲಿ. ಇಂಥ ಪ್ರಶ್ನೆ ಬಂದರೆ ಸುಮ್ಮನಿರಲಾದೀತೇ?

“ಬರುತ್ತವ್ವ. ಆದರೆ ಒಂದು ಥರದ ಕೀಲುರೋಗ ಮುದಿ ಕುದುರೆಗಲ್ಲ, ಮರಿಗೆ ಬರೋದು. ತಾಯಿ ಹಾಲು ಬಿಡೋ ಮೊದಲೇ ಒಳಗೆ ಶುರುವಾಗಿರುತ್ತೆ. ಅಂಥ ಒಂದು ಮರಿ ನನಗೆ ಗೊತ್ತು. ಹೆಸರು ಮೋತಿ.”

“ಈಗೆಲ್ಲಿದೆ?”

“ಸಿರುಗುಪ್ಪದಲ್ಲಿ. ನಾಳೆ ಹೋಗೋಣ ಬಾ. ದಾರಿಯಲ್ಲಿ ಕುರುಗೋಡಿಗೂ ಹೋಗೋಣ.”

ಬಸವಣ್ಣನ ಮೊಣಕಾಲು ಎಲ್ಲಿದೆ?

ಕುರುಗೋಡು ನನ್ನ ಹುಟ್ಟೂರು. ಅಲ್ಲಿಯ ದೊಡ್ಡಬಸವೇಶ್ವರನನ್ನು ನೋಡಿದವರಿಗೆ ಗೊತ್ತು, ಅದು ಒಂದೇ ಕಲ್ಲಿನ ಬಸವಣ್ಣ. ಕಾಲು ಮಡಿಚಿ ಕೂತಿದ್ದರೂ ಎದುರು ನಿಂತವರಿಗಿಂತ ಎಷ್ಟೋ ಎತ್ತರ. ಮರುದಿನ ಬೆಳಿಗ್ಗೆ ಕೈಮುಗಿದು ಹೊರಗೆ ಬಂದ ಮೇಲೆ ಮೊಮ್ಮಗಳಿಗೆ ಒಂದು ಪರೀಕ್ಷೆ ಕೊಟ್ಟೆ.

“ಬಸವಣ್ಣನ ಹಿಂಗಾಲಿನ ಮೊಣಕಾಲು ಎಲ್ಲಿದೆ ಹೇಳು.”

ಅವಳು ಹಿಂದಕ್ಕೆ ಚೂಪಾಗಿ ಚಾಚಿರುವ ಕೀಲನ್ನು ನೆನೆದು ಹೇಳಿದಳು. ಮಕ್ಕಳೇ, ನೀವೂ ಅದನ್ನೇ ಹೇಳುತ್ತಿದ್ದಿರಿ, ಅಲ್ಲವೇ? ದೊಡ್ಡವರೂ ಹಾಗೇ ಹೇಳುತ್ತಾರೆ. ಎತ್ತಾಗಲಿ, ಕುದುರೆಯಾಗಲಿ, ಹಿಂದಕ್ಕೆ ಚಾಚಿದಂತೆ ಕಾಣುವ ಆ ಕೀಲು ಮೊಣಕಾಲಲ್ಲ. ನಮ್ಮ ಕಾಲಿಗೆ ಹೋಲಿಸಿದರೆ ಅದು ಹಿಮ್ಮಡಿ. ನಿಜವಾದ ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಅಡಗಿದೆ. ನಮಗಿರುವಂತೆ ಅಲ್ಲಿ ಚಿಪ್ಪೂ ಇದೆ. ಕುದುರೆ ನಡೆಯುವುದೆಂದರೆ ಸದಾ ತುದಿಗಾಲಿನಲ್ಲಿ ನಡೆದಂತೆ. ಪ್ರತಿ ಕಾಲಿನಲ್ಲಿಯೂ ಒಂದೇ ಒಂದು ಬೆರಳು, ಅದರ ಉಗುರೇ ಗೊರಸು. ಹಾಗಾಗಿ ಹಿಂಗಾಲಿಗೆ ಬರುವ ಮೈಭಾರ, ಓಡುವಾಗಿನ ಹೊಡೆತ ಎಲ್ಲವೂ ಹಿಮ್ಮಡಿ ಕೀಲು, ಮೊಣಕಾಲು ಮತ್ತು ಗೊರಸಿನ ಮೇಲಿನ ಗಂಟು ಈ ಮೂರು ಕೀಲುಗಳ ಮೇಲೆ ಬೀಳುತ್ತದೆ. ಮರಿಗಳ ಕೀಲುರೋಗ ಹೆಚ್ಚಾಗಿ ಕಾಣಿಸುವುದೂ ಇವುಗಳಲ್ಲೇ. ಭುಜದ ಕೀಲಿನಲ್ಲಿಯೂ ಬರುವುದುಂಟು.

ಹಸಿ ಗೋಡೆಯ ಕಥೆ

ಕುರುಗೋಡಿನಿಂದ ಸಿರುಗುಪ್ಪದ ದಾರಿ ಹಿಡಿದೆವು. ರಸ್ತೆ ಪಕ್ಕ ಯಾರೋ ಹೊಸ ಮನೆ ಕಟ್ಟುತ್ತಿದ್ದರು. ಹೆಣ್ಣುಮಗಳೊಬ್ಬಳು ಆ ಉರಿಬಿಸಿಲಿನಲ್ಲಿ ಪ್ಲಾಸ್ಟರ್ ಮಾಡಿದ ಗೋಡೆಗೆ ಕೊಡದಿಂದ ನೀರು ಎರಚುತ್ತಿದ್ದಳು. ನನಗೆ ಬೇಕಾದ ಉದಾಹರಣೆ ಸಿಕ್ಕಿತು.

ಕುದುರೆಮರಿ ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಲ್ಲುತ್ತದೆ. ಆರು ತಿಂಗಳಿಗೆ ದೊಡ್ಡ ಕುದುರೆಯ ಎತ್ತರದ ನೂರಕ್ಕೆ ಎಂಬತ್ತರಷ್ಟನ್ನು ಮುಟ್ಟಿಬಿಡುತ್ತದೆ. ಇಷ್ಟು ಬೇಗ ಬೆಳೆಯುವಾಗ ಎಲುಬಿನ ತುದಿಗಳು ಇನ್ನೂ ಪೂರ್ತಿ ಎಲುಬಾಗಿರುವುದಿಲ್ಲ. ನಿಮ್ಮ ಕಿವಿಯನ್ನು ಮಡಿಚಿ ನೋಡಿ, ಗಟ್ಟಿಯಾಗಿದ್ದರೂ ಬಾಗುತ್ತದೆ. ಅದು ಮೃದ್ವಸ್ಥಿ. ಮರಿಯ ಎಲುಬಿನ ತುದಿಯಲ್ಲಿಯೂ ಅಂಥದೇ ಮೃದ್ವಸ್ಥಿ ದಪ್ಪನಾಗಿರುತ್ತದೆ. ಮೇಲಿನ ತೆಳುಪದರ ಕೊನೆಯವರೆಗೂ ಮೃದುವಾಗಿ, ನುಣುಪಾಗಿ ಉಳಿದು ಕೀಲು ಸವೆಯದಂತೆ ಕಾಯುತ್ತದೆ. ಒಳಭಾಗ ನಿಧಾನವಾಗಿ ಗಟ್ಟಿಯಾಗುತ್ತಾ ಎಲುಬಾಗುತ್ತದೆ.

ಗೋಡೆಗೆ ನೀರು ಬೇಕಾದಂತೆ ಈ ಕೆಲಸಕ್ಕೆ ರಕ್ತ ಬೇಕು. ಎಳೆ ಮೃದ್ವಸ್ಥಿಯೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿರುತ್ತವೆ. ಅವುಗಳಲ್ಲಿ ಒಂದು ಕಟ್ಟಿಕೊಂಡರೆ ಅಷ್ಟು ಜಾಗ ಎಲುಬಾಗುವುದಿಲ್ಲ. ನೀರು ಬೀಳದ ಕಡೆ ಪ್ಲಾಸ್ಟರ್ ಟೊಳ್ಳಾಗುತ್ತದಲ್ಲ, ಹಾಗೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಮರಿ ಜಿಗಿದು ಕುಣಿದಾಡುವಾಗ ಒಂದು ದಿನ ಅಲ್ಲಿ ಬಿರುಕು ಬಿಡುತ್ತದೆ. ಚೂರು ಸಡಿಲವಾಗಿ ಅಲ್ಲೇ ನೇತಾಡುತ್ತದೆ, ಇಲ್ಲವೇ ಕಿತ್ತುಬಂದು ಕೀಲಿನೊಳಗೆ ತಿರುಗಾಡುತ್ತದೆ. ವೈದ್ಯರು ಇದನ್ನು ಆಸ್ಟಿಯೋಕಾಂಡ್ರೋಸಿಸ್ ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ಇಷ್ಟೇ: ಕಟ್ಟಡ ಹಸಿಯಿದ್ದಾಗಲೇ ಒಂದು ಮೂಲೆ ಕೆಟ್ಟಿದೆ.

ಕಾರಣ ಒಂದೇ ಅಲ್ಲ. ವಂಶದಿಂದ ಬರುವುದುಂಟು. ಅತಿ ಬೇಗ ಬೆಳೆಯುವ ಮರಿಗಳಲ್ಲಿ ಹೆಚ್ಚು. ಕಾಳುಕಡಿ ತಿನ್ನಿಸಿ ಕೊಬ್ಬಿಸುವುದು, ಮೇವಿನಲ್ಲಿ ಸುಣ್ಣದಂಶ, ರಂಜಕ, ತಾಮ್ರ ಮುಂತಾದ ಖನಿಜಗಳ ಲೆಕ್ಕ ತಪ್ಪುವುದು, ಕೀಲಿಗೆ ಪೆಟ್ಟು ಬೀಳುವುದು ಇವೆಲ್ಲ ಸೇರಿಕೊಳ್ಳುತ್ತವೆ.

ಸಿರುಗುಪ್ಪದ ಮೋತಿ

ಈಗ ಮೋತಿಯ ವಿಷಯ. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಸಿರುಗುಪ್ಪದಲ್ಲಿ ಮದುವೆ, ಉರುಸು, ಜಾತ್ರೆಗಳಿಗೆ ಮೆರವಣಿಗೆ ಕುದುರೆ ಕೊಡುವ ಒಂದು ಮನೆ. ಇದ್ದದ್ದು ಒಂದೇ ಹೆಣ್ಣು ಕುದುರೆ. ಅದು ಗಂಡು ಮರಿ ಹಾಕಿದಾಗ ಮನೆಗೆ ಹಬ್ಬ ಬಂದಂತಾಗಿತ್ತು. ತಾಯಿಗೆ ವಯಸ್ಸಾಗುತ್ತಿತ್ತು. ಮುಂದೆ ಮನೆಯ ಅನ್ನ ದುಡಿಯಬೇಕಾದದ್ದು ಈ ಮರಿಯೇ.

ಮರಿಗೆ ಹತ್ತು ತಿಂಗಳಾದಾಗ ಮನೆಯ ಯಜಮಾನರು ಕರೆ ಕಳಿಸಿದರು. ಹೋದೆ. ಬಲ ಹಿಂಗಾಲಿನ ಹಿಮ್ಮಡಿ ಕೀಲಿನ ಮುಂಭಾಗದಲ್ಲಿ ಲಿಂಬೆಹಣ್ಣಿನಷ್ಟು ಊತ. ಒತ್ತಿದರೆ ಮೆತ್ತಗೆ, ಬಿಸಿಯಿಲ್ಲ, ನೋವೂ ಅಷ್ಟಾಗಿ ಇಲ್ಲ. ಮರಿ ಕುಂಟುತ್ತಲೂ ಇರಲಿಲ್ಲ. ಓಡಿಸಿದಾಗ ಆ ಕಾಲನ್ನು ಸ್ವಲ್ಪ ಬಿಗಿಯಾಗಿ ಎತ್ತಿಡುತ್ತಿತ್ತು, ಅಷ್ಟೇ.

“ಭಾಯ್, ಏನು ತಿನ್ನಿಸ್ತೀರಿ?” ಎಂದೆ.

“ಚೆನ್ನಾಗೇ ತಿನ್ನಿಸ್ತೀವ್ರಿ ಡಾಕ್ಟ್ರೇ. ಹುರುಳಿ, ಜೋಳ. ತೌಡಂತೂ ಬೇಕಾದಷ್ಟು. ಮಿಲ್ ಪಕ್ಕದಾಗೇ ಐತಲ್ರೀ.”

ಸಿರುಗುಪ್ಪ ತುಂಗಭದ್ರೆಯ ನೀರಿನ ಭತ್ತದ ಸೀಮೆ. ಅಕ್ಕಿಮಿಲ್ಲುಗಳಿಗೆ, ತೌಡಿಗೆ ಬರವಿಲ್ಲ. ಆದರೆ ತೌಡಿನಲ್ಲಿ ರಂಜಕ ಬಹಳ, ಸುಣ್ಣದಂಶ ತೀರಾ ಕಡಿಮೆ. ಬೆಳೆಯುವ ಎಲುಬಿಗೆ ಅದೊಂದನ್ನೇ ಸುರಿದರೆ ಒಳ್ಳೆಯದಲ್ಲ. ಪ್ರೀತಿಯಿಂದ ತಿನ್ನಿಸಿದ್ದೇ ಮರಿಯನ್ನು ಬೇಗ ಬೇಗ ಉಬ್ಬಿಸಿತ್ತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ದಿನ ನಾನು ಸೂಜಿ ಚುಚ್ಚಿ ಊತದ ನೀರು ತೆಗೆದೆ. ಹಳದಿ ಬಣ್ಣದ ಅಂಟು ನೀರು ಬಂತು, ಊತ ಇಳಿಯಿತು. ಮನೆಯವರು ಖುಷಿಪಟ್ಟರು, ನಾನೂ ಬೀಗಿದೆ. ಹತ್ತೇ ದಿನಕ್ಕೆ ಊತ ಮತ್ತೆ ಬಂತು. ಬಾರದೆ ಏನು ಮಾಡೀತು? ಕಣ್ಣಿಗೆ ಕಸ ಬಿದ್ದಾಗ ನೀರು ಬರುತ್ತದೆ. ಕಸ ತೆಗೆಯದೆ ಕಣ್ಣೀರು ಒರೆಸುತ್ತಾ ಕೂತಂತಾಗಿತ್ತು ನನ್ನ ವೈದ್ಯ. ಮೇಲಾಗಿ ಕೀಲಿಗೆ ಪ್ರತಿ ಸಲ ಸೂಜಿ ಹಾಕಿದಾಗಲೂ ನಂಜು ಒಳಗೆ ಹೋಗುವ ಅಪಾಯವಿದೆ.

ಮನೆಯ ಅಜ್ಜಿ ಬರೆ ಹಾಕಿಸೋಣ ಎಂದರು. ಹಿಂದಿನವರು ಹಾಗೆ ಮಾಡುತ್ತಿದ್ದರು. “ಅಮ್ಮಾ, ಬರೆ ಚರ್ಮ ಸುಡುತ್ತೆ. ಕೀಲಿನೊಳಗೆ ಏನಿದೆಯೋ ಅದಕ್ಕೆ ಬಿಸಿಯೂ ತಾಕಲ್ಲ. ಮರಿಗೆ ನೋವು ಮಾತ್ರ ಉಳಿಯುತ್ತೆ” ಎಂದೆ. ಅವರು ಹಟ ಮಾಡಲಿಲ್ಲ.

ಬಳ್ಳಾರಿಗೆ ಕರೆತಂದು ಎಕ್ಸ್-ರೇ ತೆಗೆಸಿದೆವು. ಕಣಕಾಲೆಲುಬಿನ ಕೆಳತುದಿ ಹಿಮ್ಮಡಿ ಕೀಲಿಗೆ ಕೂಡುವ ಜಾಗದಲ್ಲಿ, ಮುಂಭಾಗಕ್ಕೆ, ಕಡಲೆಕಾಳಿನಷ್ಟು ಒಂದು ಚೂರು ಬೇರೆಯಾಗಿ ನಿಂತಿತ್ತು. ಹಿಮ್ಮಡಿ ಕೀಲಿನಲ್ಲಿ ಈ ರೋಗ ಬಂದರೆ ಹೆಚ್ಚಾಗಿ ಕೆಡುವ ಜಾಗವೇ ಅದು.

ಇಂಥ ದೋಷ ತೀರಾ ಎಳೆ ಮರಿಯಲ್ಲಿದ್ದರೆ, ಹಿಮ್ಮಡಿ ಕೀಲಿನಲ್ಲಾದರೆ ಐದು ತಿಂಗಳ ಆಸುಪಾಸಿನವರೆಗೆ, ತಾನಾಗಿಯೇ ಕೂಡಿಕೊಳ್ಳುವುದುಂಟು. ಮೋತಿಗೆ ಆ ಗಡುವು ದಾಟಿತ್ತು. ಮೃದ್ವಸ್ಥಿಗೆ ಒಂದು ದೊಡ್ಡ ಬಡತನವಿದೆ. ಬೆಳೆದ ಮೇಲೆ ಅದರಲ್ಲಿ ರಕ್ತನಾಳಗಳಿರುವುದಿಲ್ಲ. ಚರ್ಮ ಕೊಯ್ದರೆ ಕೂಡಿಕೊಳ್ಳುತ್ತದೆ, ಎಲುಬು ಮುರಿದರೂ ಕೂಡಿಕೊಳ್ಳುತ್ತದೆ. ಮೃದ್ವಸ್ಥಿ ಮಾತ್ರ ಮೊದಲಿನ ಹಾಗೆ ಕೂಡುವುದಿಲ್ಲ.

ನಾನು ಎಕ್ಸ್-ರೇ ಫಿಲ್ಮನ್ನು ಕವರಿನಲ್ಲಿಟ್ಟುಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ರೇಸ್ ಕುದುರೆಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಹಿರಿಯ ವೈದ್ಯರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ತೆಗೆಯಬಹುದು. ನನಗೆ ಫೀಸು ಬೇಡ, ಔಷಧಿ ಖರ್ಚು, ಲಾರಿ ಖರ್ಚು ಅವರದು. ಆದರೆ ತೆಗೆದ ಮೇಲೆ ಎರಡು ವರ್ಷ ಬೆನ್ನಿಗೆ ಯಾರನ್ನೂ ಹತ್ತಿಸಬಾರದು. ಕಾಯುತ್ತಾರೋ ಕೇಳಿಕೊಂಡು ಬನ್ನಿ” ಎಂದರು.

ಸಿರುಗುಪ್ಪಕ್ಕೆ ಬಂದು ಹೇಳಿದೆ.

“ಆಪರೇಷನ್ ಮಾಡಿಸದಿದ್ರೆ ಸಾಯ್ತದೇನ್ರೀ?” ಎಂದರು ಯಜಮಾನರು.

“ಸಾಯಲ್ಲ ಭಾಯ್. ಕೆಲವು ಹೀಗೇ ಇದ್ದುಬಿಡ್ತವೆ. ಆದರೆ ಆ ಚೂರು ಒಳಗೆ ಉಜ್ಜುತ್ತಿದ್ದರೆ ಕೀಲು ಸವೀತದೆ. ಇಪ್ಪತ್ತು ವರ್ಷ ಡಾಂಬರು ರಸ್ತೆ ಮೇಲೆ ಮನುಷ್ಯನನ್ನು ಹೊರಬೇಕಾದ ಕಾಲು ಇದು.”

ಅಷ್ಟರಲ್ಲಾಗಲೇ ಒಬ್ಬ ದಲ್ಲಾಳಿ ಸಿಕ್ಕಷ್ಟಕ್ಕೆ ಕೊಳ್ಳುತ್ತೇನೆಂದು ಬಂದು ಹೋಗಿದ್ದ. ಯಜಮಾನರು ಮಾತಾಡಲಿಲ್ಲ. ಅವರ ಹತ್ತು ವರ್ಷದ ಮಗ ಮರಿಯ ಕುತ್ತಿಗೆ ಹಿಡಿದುಕೊಂಡು ನಿಂತಿದ್ದ. ಅಜ್ಜಿ ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಮಾಳಿಗೆ ರಿಪೇರಿಗೆಂದು ಇಟ್ಟಿದ್ದ ಹಣ ತಂದು ಮಗನ ಕೈಗಿಟ್ಟರು.

“ಒಂದು ಮಳಿಗಾಲ ಸೋರ್ಲಿ ಬಿಡು” ಎಂದರು.

ಕೀಲಿಗೊಂದು ಕಿಟಕಿ

ಕೀಲಿನೊಳಗೆ ಇಣುಕಿ ನೋಡುವ ಉಪಾಯ ಶುರುವಾದದ್ದು ಕುದುರೆಗಲ್ಲ, ನನ್ನಂಥ ಮೊಣಕಾಲಿನವರಿಗೆ. ಜಪಾನಿನಲ್ಲಿ ನಮ್ಮಂತೆಯೇ ನೆಲದ ಮೇಲೆ ಕಾಲು ಮಡಿಚಿ ಕೂರುವುದು ರೂಢಿ. ಕ್ಷಯರೋಗ ಮೊಣಕಾಲಿಗೆ ತಗುಲಿದರೆ ಕಾಲು ಮಡಿಚಲಾಗದೆ ಸೆಟೆದುಕೊಳ್ಳುತ್ತಿತ್ತು. ರೋಗವನ್ನು ಬೇಗ ಕಂಡುಹಿಡಿಯಬೇಕೆಂದು ಟೋಕಿಯೊದ ಕೆಂಜಿ ತಕಾಗಿ ಎಂಬ ವೈದ್ಯರು 1918ರಲ್ಲಿ, ಮೂತ್ರಕೋಶ ನೋಡುವ ಕೊಳವೆಯನ್ನೇ ಶವದ ಮೊಣಕಾಲಿನೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆ 1950ರ ದಶಕದಲ್ಲಿ ಅದನ್ನು ಎಲ್ಲರೂ ಬಳಸಬಲ್ಲ ಉಪಕರಣವಾಗಿ ತಿದ್ದಿದರು. ಅದೇ ಆರ್ತ್ರೋಸ್ಕೋಪ್. ಕುದುರೆಗಳ ಕೀಲು ಚಿಕಿತ್ಸೆಗೆ ಅದನ್ನು ಬೆಳೆಸಿ ಜಗತ್ತಿಗೆಲ್ಲ ಕಲಿಸಿದವರಲ್ಲಿ ಮುಖ್ಯರು ನ್ಯೂಜಿಲೆಂಡಿನಲ್ಲಿ ಹುಟ್ಟಿ ಅಮೆರಿಕದ ಕೊಲೊರಾಡೊದಲ್ಲಿ ದುಡಿದ ವೇಯ್ನ್ ಮೆಕಿಲ್‌ರೈತ್. ಅದಕ್ಕೂ ಮೊದಲು ಕೀಲನ್ನು ಅಗಲವಾಗಿ ಕೊಯ್ದು ತೆರೆಯಬೇಕಿತ್ತು. ಗಾಯ ಮಾಯಲು ಬಹಳ ದಿನ ಹಿಡಿಯುತ್ತಿತ್ತು.

ಮಿನಿ ಲಾರಿಗೆ ಭತ್ತದ ಹುಲ್ಲು ದಪ್ಪಗೆ ಹಾಸಿ, ಧೈರ್ಯಕ್ಕೆ ತಾಯಿಯನ್ನೂ ಜೊತೆಗೆ ಹತ್ತಿಸಿ ಮೋತಿಯನ್ನು ಬೆಂಗಳೂರಿಗೆ ಒಯ್ದೆವು. ಆಪರೇಷನ್ ಹೊತ್ತಿಗೆ ನಾನೂ ಒಳಗಿದ್ದೆ.

ಮೊದಲು ಚುಚ್ಚುಮದ್ದಿನಿಂದ ಅರಿವಳಿಕೆ, ಆಮೇಲೆ ಗಂಟಲಿನ ಕೊಳವೆಯಿಂದ ಗ್ಯಾಸು. ಮರಿಯನ್ನು ದಪ್ಪ ಹಾಸಿಗೆಯ ಮೇಜಿನ ಮೇಲೆ ಅಂಗಾತ ಮಲಗಿಸಿ, ಕಾಲನ್ನು ಮೇಲಕ್ಕೆ ಕಟ್ಟಿದರು. ಕೂದಲು ಬೋಳಿಸಿ, ಜಾಗವನ್ನು ಮತ್ತೆ ಮತ್ತೆ ಸೋಪು ಔಷಧಿಯಿಂದ ತೊಳೆದರು. ಕೀಲಿಗೆ ಶುದ್ಧ ನೀರು ತುಂಬಿ ಉಬ್ಬಿಸಿದರು. ಆಮೇಲೆ ಒಂದು ಸೆಂಟಿಮೀಟರಿನಷ್ಟು ಉದ್ದದ ಎರಡೇ ಗಾಯ. ಒಂದರಿಂದ 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ ಒಳಗೆ ಹೋಯಿತು, ಇನ್ನೊಂದರಿಂದ ಉದ್ದ ಮೂಗಿನ ಇಕ್ಕಳ.

ಟಿವಿ ಪರದೆಯ ಮೇಲೆ ಕೀಲು ಕಂಡಿತು. ಅದುವರೆಗೆ ಎಷ್ಟೋ ಕೀಲುಗಳನ್ನು ಕೈಯಿಂದ ಒತ್ತಿ ನೋಡಿದ್ದ ನಾನು ಜೀವಂತ ಕೀಲಿನ ಒಳಗನ್ನು ಕಂಡದ್ದು ಅದೇ ಮೊದಲು. ಎಳನೀರಿನ ಗಂಜಿಯಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಅದರ ಅಂಚಿನಲ್ಲಿ ಮಾಸಲು ಹಳದಿಯ ಚೂರು. ಇಕ್ಕಳದ ತುದಿ ತಾಗಿದಾಗ ಅಲುಗಾಡುವ ಹಲ್ಲಿನಂತೆ ಅಲುಗಿತು. ವೈದ್ಯರು ಅದನ್ನು ಹಿಡಿದು, ತಿರುಚಿ, ಹೊರಗೆ ತಂದು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಆ ಜಾಗದಲ್ಲಿ ಉಳಿದಿದ್ದ ಕೊಳೆತ ಅಂಚನ್ನು ಗಟ್ಟಿ ಎಲುಬು ಸಿಗುವವರೆಗೆ ಕೆರೆದರು. ಟೊಳ್ಳು ಪ್ಲಾಸ್ಟರನ್ನು ಇಟ್ಟಿಗೆ ಕಾಣುವವರೆಗೆ ಮೇಸ್ತ್ರಿ ಕೆರೆದು ತೆಗೆಯುತ್ತಾನಲ್ಲ, ಅದೇ ಕೆಲಸ. ಕೊನೆಗೆ ಕೀಲನ್ನು ನೀರಿನಿಂದ ತೊಳೆದು, ಹೊಲಿಗೆ ಹಾಕಿ ಪಟ್ಟಿ ಕಟ್ಟಿದರು. ಒಟ್ಟು ಒಂದು ಗಂಟೆಯ ಕೆಲಸ.

“ಆಯಿತಲ್ಲ ಸಾರ್” ಎಂದೆ.

“ಇನ್ನೂ ಎದ್ದಿಲ್ಲ” ಎಂದರು ಅವರು.

ಎದ್ದು ನಿಲ್ಲುವ ಹೊತ್ತು

ಮನುಷ್ಯರಿಗೆ ಆಪರೇಷನ್ ಆದ ಮೇಲೆ ಮಲಗಿ ಎನ್ನಬಹುದು. ಕುದುರೆಗೆ ಹೇಳುವವರಾರು? ಅದು ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಎಚ್ಚರವಾದ ಕೂಡಲೇ, ಕಾಲು ಹಿಡಿತಕ್ಕೆ ಬರುವ ಮೊದಲೇ ಎದ್ದು ಓಡಬೇಕೆನ್ನುತ್ತದೆ. 1975ರಲ್ಲಿ ಅಮೆರಿಕದ ರಫಿಯನ್ ಎಂಬ ಹೆಸರಾಂತ ರೇಸ್ ಕುದುರೆಯ ಮುರಿದ ಕಾಲಿಗೆ ಶಸ್ತ್ರಚಿಕಿತ್ಸೆಯೇನೋ ನಡೆಯಿತು. ಎಚ್ಚರವಾಗುವಾಗ ಅದು ಮಲಗಿದಲ್ಲೇ ಓಡುವಂತೆ ಕಾಲು ಝಾಡಿಸಿ ಎಲ್ಲವನ್ನೂ ಮತ್ತೆ ಮುರಿದುಕೊಂಡಿತು. ಅದನ್ನು ಉಳಿಸಿಕೊಳ್ಳಲಾಗಲಿಲ್ಲ. 2006ರಲ್ಲಿ ಬಾರ್ಬರೊ ಎಂಬ ಕುದುರೆಗೆ ಕಾಲು ಮುರಿದು ಆಪರೇಷನ್ ಆದಾಗ ತೆಪ್ಪದಂಥ ಚೀಲದಲ್ಲಿಟ್ಟು ಈಜುಕೊಳದ ನೀರಿನಲ್ಲಿ ತೇಲಿಸಿ ಎಚ್ಚರಗೊಳಿಸಿದ್ದರು. ಕಾಲು ಝಾಡಿಸಿದರೂ ನೀರಿಗೆ ತಾನೇ ಬಡಿಯುವುದು!

ಮೋತಿಗೆ ಕೊಳವಿರಲಿಲ್ಲ. ನಾಲ್ಕೂ ಗೋಡೆಗೆ ದಪ್ಪ ಮೆತ್ತೆ ಹೊಡೆದ ಕೋಣೆಯಿತ್ತು. ಬೆಳಕು ಕಡಿಮೆ ಮಾಡಿ, ಸದ್ದು ಮಾಡಬೇಡಿ ಎಂದರು. ತಲೆಗೊಂದು, ಬಾಲಕ್ಕೊಂದು ಹಗ್ಗ. ಹುಡುಗ ಬಾಗಿಲ ಹೊರಗೆ ಕೂತು ಎರಡೂ ಕೈ ಕಟ್ಟಿಕೊಂಡಿದ್ದ. ಮೋತಿ ಮೊದಲು ತಲೆ ಎತ್ತಿತು. ಎದ್ದಿತು, ಬಿದ್ದಿತು. ಎರಡನೇ ಸಲ ಮುಂಗಾಲು ಊರಿ ಮತ್ತೆ ಕುಸಿಯಿತು. ಮೂರನೇ ಸಲ ನಡುಗುತ್ತಾ ನಾಲ್ಕು ಕಾಲಿನ ಮೇಲೆ ನಿಂತಿತು. ಹೊರಗಿನಿಂದ ತಾಯಿ ಕೆನೆಯಿತು. ಯಜಮಾನರು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಕಾಯುವುದೇ ದೊಡ್ಡ ಚಿಕಿತ್ಸೆ

ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚಿದೆ. ಮೊದಲು ಲಾಯದಲ್ಲೇ ವಿಶ್ರಾಂತಿ, ಆಮೇಲೆ ಹಗ್ಗ ಹಿಡಿದು ದಿನಕ್ಕೆ ಕೆಲವು ನಿಮಿಷ ನಡಿಗೆ, ಎರಡು ತಿಂಗಳ ನಂತರ ಸಣ್ಣ ಅಂಗಳದಲ್ಲಿ ಓಡಾಟ. ತೌಡು ನಿಂತಿತು. ಹಸಿಹುಲ್ಲು, ಅಳತೆಯ ಕಾಳು, ಖನಿಜ ಮಿಶ್ರಣ ಬಂತು.

ಕಷ್ಟವಾದದ್ದು ಎರಡನೇ ವರ್ಷ. ಮೋತಿ ಎತ್ತರಕ್ಕೆ ಬೆಳೆದು ನೋಡಲು ಸುಂದರವಾಗಿತ್ತು. ತಾಯಿ ದಣಿದಿತ್ತು. ಮದುವೆ ಕಾಲದಲ್ಲಿ ಇಬ್ಬರು ಮೂವರು ಬಂದು ಒಂದು ರಾತ್ರಿಗೆ ಕೊಡಿ, ಕೇಳಿದಷ್ಟು ಕೊಡುತ್ತೇವೆ ಎಂದರು. ಯಜಮಾನರ ಮನಸ್ಸು ಓಲಾಡಿತು. ನಾನು ಅಲ್ಲಿರಲಿಲ್ಲ. ತಡೆದವರು ಅಜ್ಜಿ. “ಡಾಕ್ಟ್ರು ಎರಡು ವರ್ಷ ಅಂದಾರ. ನನ್ನ ಮಾಳಿಗಿ ಇನ್ನೂ ಸೋರಾಕ್ಹತ್ಯದ. ಅದು ಸೋರಿದ್ದು ದಂಡ ಆಗಬಾರ್ದು” ಎಂದರಂತೆ.

ಮೂರು ತುಂಬಿದ ಮೇಲೆಯೇ ಮೋತಿ ಮೊದಲ ಮದುಮಗನನ್ನು ಹೊತ್ತಿತು. ಊತ ಪೂರ್ತಿ ಹೋಗಲಿಲ್ಲ. ಕೀಲಿನ ಚೀಲ ಒಮ್ಮೆ ಹಿಗ್ಗಿದರೆ ಸ್ವಲ್ಪ ಹಾಗೇ ಉಳಿಯುವುದುಂಟು. ಆದರೆ ಕುಂಟಲಿಲ್ಲ.

ಎಲ್ಲ ಮರಿಗಳ ಕಥೆಯೂ ಹೀಗೇ ಮುಗಿಯುವುದಿಲ್ಲ. ಮೊಣಕಾಲಿನಲ್ಲಿ ದೊಡ್ಡ ಜಾಗ ಕೆಟ್ಟಿದ್ದರೆ, ತಡವಾಗಿ ಗೊತ್ತಾಗಿ ಕೀಲು ಆಗಲೇ ಸವೆದಿದ್ದರೆ ಆಪರೇಷನ್ನಿನಿಂದ ಅಷ್ಟು ಫಲ ಸಿಗುವುದಿಲ್ಲ. ಶಸ್ತ್ರಚಿಕಿತ್ಸೆ ಕೆಟ್ಟದ್ದನ್ನು ತೆಗೆಯುತ್ತದೆ, ಹೊಸ ಮೃದ್ವಸ್ಥಿ ಕೊಡುವುದಿಲ್ಲ. ಉಳಿದದ್ದನ್ನು ಕಾಯುವುದು ಮನೆಯವರ ಕೈಯಲ್ಲಿದೆ.

ನಿಮ್ಮ ಮನೆಯಲ್ಲಿ ಕುದುರೆ ಇರಲಿಕ್ಕಿಲ್ಲ, ಕರು ಇರಬಹುದು. ಕರುವಿಗೂ ಮರಿಗೂ ಬರುವ ಇನ್ನೊಂದು ಕೀಲುರೋಗವಿದೆ. ಹುಟ್ಟಿದ ಕೆಲವೇ ದಿನದಲ್ಲಿ ಹೊಕ್ಕಳಿನಿಂದ ನಂಜೇರಿ ಕೀಲು ಬಿಸಿಯಾಗಿ ಊದುತ್ತದೆ, ಕಾಲು ಊರಲಾಗುವುದಿಲ್ಲ. ಅದಕ್ಕೆ ಕಾಯಲೇಬಾರದು. ಅದೇ ದಿನ ವೈದ್ಯರನ್ನು ಕರೆಸಿ. ಕೀಲನ್ನು ತೊಳೆದು, ನಂಜಿಗೆ ಔಷಧಿ ಕೊಡಬೇಕು. ಬಾರದಂತೆ ತಡೆಯುವುದು ಸುಲಭ. ಹುಟ್ಟಿದ ಕೂಡಲೇ ಹೊಕ್ಕಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಮೊದಲ ಕೆಲವು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣುಹಾಲು ಕುಡಿಸಿ. ಅಜ್ಜಿಯಂದಿರೇ, ನಮ್ಮ ಬಟ್ಟಲಿನ ಗಿಣ್ಣು ಆಮೇಲಿನದು. ಮೊದಲ ಪಾಲು ಕರುವಿನದೇ.

ಸಿರುಗುಪ್ಪ ಬಂತು. ಅಂದಿನ ಹುಡುಗ ಈಗ ಮೀಸೆ ಬಂದ ಯುವಕ, ಕುದುರೆಯ ಉಸ್ತುವಾರಿ ಅವನದೇ. ಅಜ್ಜಿ ಈಗಿಲ್ಲ. ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಬಂದಿದೆ. ಮೋತಿ ಬೇವಿನ ಮರದ ನೆರಳಿನಲ್ಲಿ ನಿಂತಿತ್ತು. ಮೊಮ್ಮಗಳು ಹೆದರುತ್ತಲೇ ಹೋಗಿ ಬಲ ಹಿಂಗಾಲಿನ ಹಿಮ್ಮಡಿಯ ಮುಂಭಾಗ ಮುಟ್ಟಿದಳು. ಮೊಣಕಾಲು ಎನ್ನಲಿಲ್ಲ!

“ತಾತ, ಇಲ್ಲಿ ಮೆತ್ತಗಿದೆ.”

“ಅದೇ ಮೋತಿಯ ಗುರುತು.”

ಯುವಕ ಒಳಗಿನಿಂದ ಒಂದು ಸಣ್ಣ ಡಬ್ಬಿ ತಂದು ಅವಳ ಕೈಗಿಟ್ಟ. ಹತ್ತಿಯ ಮೇಲೆ ಕಡಲೆಕಾಳಿನಷ್ಟು ಒಂದು ಹಳದಿ ಚೂರು. ಬೆಂಗಳೂರಿನಲ್ಲಿ ನಾನೇ ಕೊಟ್ಟದ್ದು. ನನಗೆ ಮರೆತೇಹೋಗಿತ್ತು.

“ಅಜ್ಜಿ ಇಟ್ಟಿದ್ದು ಸಾರ್” ಎಂದ.

ಮೊಮ್ಮಗಳು ಅದನ್ನು ಬಹಳ ಹೊತ್ತು ನೋಡಿದಳು. ವಾಪಸು ಬರುವಾಗ ಬಳ್ಳಾರಿಯ ಗುಡ್ಡ ಕಾಣುವವರೆಗೂ ಸುಮ್ಮನಿದ್ದವಳು ಕೇಳಿದಳು, “ಇಷ್ಟಕ್ಕೇನಾ ತಾತ ಅವರೆಲ್ಲ ಎರಡು ವರ್ಷ ಕಾದಿದ್ದು?”

“ಹೂಂನವ್ವ. ಇಷ್ಟಕ್ಕೇ.”